ರೋವನ್ ಅಟ್ಕಿನ್ಸನ್: ಮಾತೇ ಇಲ್ಲದ ಪಾತ್ರಕ್ಕೆ ಬರೆಯುವುದೇನು?

ಮಿಸ್ಟರ್ ಬೀನ್ ಯಾರು ಅಂತ ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಪೋಗೋ ಚಾನೆಲ್ ನೋಡುತ್ತಾ ಬೆಳೆದವರಿಗೆ ಆ ಕಂದು ಕೋಟು, ಕೆಂಪು ಟೈ, ಟೆಡ್ಡಿ ಗೊಂಬೆ, ಬಾಗಿಲಿಗೆ ಬೀಗ ಜಡಿದ ಮಿನಿ ಕಾರು ಎಲ್ಲ ಮನೆಯವರಷ್ಟೇ ಪರಿಚಯ. ಇಂಗ್ಲಿಷ್ ಬಾರದ ಅಜ್ಜಿಯೂ ನಗುತ್ತಾರೆ, ಇನ್ನೂ ಶಾಲೆಗೆ ಸೇರದ ಮೊಮ್ಮಗುವೂ ನಗುತ್ತದೆ. ಆದರೆ ಬೀನ್ ಆಗಿ ನಟಿಸಿದ ರೋವನ್ ಅಟ್ಕಿನ್ಸನ್ ಬ್ರಿಟನ್ನಿನಲ್ಲಿ ಮೊದಲು ಹೆಸರು ಮಾಡಿದ್ದು ಮಾತಿನಿಂದ. ಕೊಂಕು ತುಂಬಿದ, ನಿಧಾನವಾಗಿ ಚುಚ್ಚುವ, ಒಂದೊಂದು ಅಕ್ಷರವನ್ನೂ ಬಿಡಿಸಿ ಆಡುವ ಮಾತು.

ಅವರ ಕಾರ್ಯಕ್ರಮಗಳ ಕೊನೆಯಲ್ಲಿ ಬರುವ ಹೆಸರುಗಳನ್ನು ಗಮನಿಸಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಮಾತೇ ಜೀವಾಳವಾಗಿರುವ 'ಬ್ಲ್ಯಾಕ್‌ಆಡರ್' ಎಂಬ ಬಿಬಿಸಿ ಹಾಸ್ಯ ಧಾರಾವಾಹಿಯಲ್ಲಿ ಅವರೇ ನಾಯಕ, ಆದರೆ ಬರಹಗಾರರಾಗಿ ಅವರ ಹೆಸರಿರುವುದು ಮೊದಲ ಸರಣಿಗೆ ಮಾತ್ರ. ಮಾತೇ ಇಲ್ಲದ 'ಮಿಸ್ಟರ್ ಬೀನ್'ನಲ್ಲಿ ಅವರೂ ಬರಹಗಾರರು! ಮಾತು ತುಂಬಿದ ಕಡೆ ಬರೆಯುವುದನ್ನು ಬಿಟ್ಟರು, ಮಾತಿಲ್ಲದ ಕಡೆ ಬರೆದರು. ಇದು ಯಾಕೆ ಅಂತ ಬಿಡಿಸಿ ನೋಡಿದರೆ ಅವರ 40 ವರ್ಷಕ್ಕೂ ಹೆಚ್ಚಿನ ತೆರೆಯ ಕೆಲಸ ಸುಲಭವಾಗಿ ಅರ್ಥವಾಗುತ್ತದೆ.

ಅಟ್ಕಿನ್ಸನ್ ಹುಟ್ಟಿದ್ದು 1955ರ ಜನವರಿ 6ರಂದು, ಇಂಗ್ಲೆಂಡಿನ ಉತ್ತರಕ್ಕಿರುವ ಡರಮ್ ಸೀಮೆಯ ಕಾನ್ಸೆಟ್ ಎಂಬ ಊರಿನಲ್ಲಿ. ತಂದೆಗೆ ಜಮೀನಿತ್ತು. ಮಗ ನ್ಯೂಕಾಸಲ್‌ನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, 1975ರಲ್ಲಿ ಎಂಎಸ್ಸಿಗೆ ಆಕ್ಸ್‌ಫರ್ಡ್ ಸೇರಿದ. ಅಲ್ಲಿ ಸಿಕ್ಕ ಇಬ್ಬರು ಗೆಳೆಯರು ಮುಂದೆ ಅವರ ಬೆನ್ನು ಬಿಡಲಿಲ್ಲ. ಒಬ್ಬರು ಬರಹಗಾರ ರಿಚರ್ಡ್ ಕರ್ಟಿಸ್, ಇನ್ನೊಬ್ಬರು ಸಂಗೀತಗಾರ ಹೊವರ್ಡ್ ಗುಡಾಲ್. ಬೀನ್ ಶುರುವಾಗುವಾಗ ಚರ್ಚಿನ ಹಾಡಿನ ಥರ ಕೇಳಿಸುವ ಆ ಲ್ಯಾಟಿನ್ ಗಾನ ಇದೆಯಲ್ಲ, ಅದು ಗುಡಾಲ್ ಅವರದು.

ಮಾತಿನ ಬಗ್ಗೆ ಹೇಳುವಾಗ ಒಂದು ವಿಷಯ ಬಿಡುವ ಹಾಗಿಲ್ಲ. ಅಟ್ಕಿನ್ಸನ್‌ಗೆ ಚಿಕ್ಕಂದಿನಿಂದ ತೊದಲು ಇತ್ತು. 'ಬ' ಅಕ್ಷರ ವಿಶೇಷವಾಗಿ ಕೈಕೊಡುತ್ತಿತ್ತು. ಅದನ್ನು ದಾಟಲು ಅವರು ಆ ಅಕ್ಷರವನ್ನು ಬೇಕೆಂದೇ ಒತ್ತಿ, ತುಟಿ ಸಿಡಿಸಿ ಹೇಳುವುದನ್ನು ರೂಢಿ ಮಾಡಿಕೊಂಡರು. 'ಬ್ಲ್ಯಾಕ್‌ಆಡರ್' ಎರಡನೇ ಸರಣಿಯಲ್ಲಿ ಹುಡುಗಿಯೊಬ್ಬಳು ಗಂಡುವೇಷ ಹಾಕಿ 'ಬಾಬ್' ಎಂಬ ಹೆಸರಿನಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅಟ್ಕಿನ್ಸನ್ ಬಾಯಲ್ಲಿ ಆ ಎರಡಕ್ಷರದ ಹೆಸರೇ ಒಂದು ಜೋಕ್ ಆಗಿಬಿಟ್ಟಿದೆ.

ಈಗ ಬ್ರಿಟನ್ನಿನ ಪದ್ಧತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅಲ್ಲಿ ಆ ಕಾಲದ ಹಾಸ್ಯನಟರಲ್ಲಿ ಹಲವರು ಬಂದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾರ್ಥಿಗಳ ನಾಟಕ ತಂಡಗಳಿಂದ. ಈ ತಂಡಗಳು ಆಗಸ್ಟ್ ಬಂತೆಂದರೆ ಎಡಿನ್‌ಬರೋ ಉತ್ಸವಕ್ಕೆ ಹೋಗಿ ಚಿಕ್ಕ ಚಿಕ್ಕ ಪ್ರಹಸನ ಆಡುತ್ತವೆ. ಹೊಸಬರನ್ನು ಹುಡುಕಿಕೊಂಡು ಬಿಬಿಸಿಯವರೂ ಅಲ್ಲಿಗೆ ಬರುತ್ತಾರೆ. ಅಲ್ಲಿ ಆಡುವವರೇ ಬರೆಯುತ್ತಾರೆ, ಬರೆಯುವವರೇ ಆಡುತ್ತಾರೆ. ನಟ ಬೇರೆ, ಬರಹಗಾರ ಬೇರೆ ಎಂಬ ಗೋಡೆ ಅಷ್ಟು ಗಟ್ಟಿ ಇಲ್ಲ. ಜೊತೆಗೆ ಬ್ರಿಟನ್ನಿನಲ್ಲಿ ಒಂದು ಸರಣಿ ಅಂದರೆ ಸಾಮಾನ್ಯವಾಗಿ ಆರು ಕಂತು. ಅಮೆರಿಕದ ಹಾಗೆ ವರ್ಷಕ್ಕೆ ಇಪ್ಪತ್ತಕ್ಕೂ ಜಾಸ್ತಿ ಕಂತು ಹೆಣೆಯಲು ಹತ್ತಾರು ಜನರ ಬರಹ ತಂಡ ಬೇಕಾಗುವುದಿಲ್ಲ. ಆರು ಕಂತನ್ನು ಇಬ್ಬರು ಕೂತು ಬರೆದು ಮುಗಿಸಬಹುದು. ಇದರಿಂದ ಸಂಖ್ಯೆ ಕಡಿಮೆಯಾಗುತ್ತದೆ, ಆದರೆ ಪ್ರತಿ ಸಾಲಿನಲ್ಲೂ ಬರೆದವರ ಗುರುತು ಉಳಿಯುತ್ತದೆ.

ಈ ದಾರಿಯಲ್ಲೇ ಅಟ್ಕಿನ್ಸನ್ ಬಂದರು. 1979ರಲ್ಲಿ ಮಾನವ ಹಕ್ಕುಗಳ ಆಮ್ನೆಸ್ಟಿ ಸಂಸ್ಥೆಯ ಸಹಾಯಾರ್ಥ ನಡೆದ 'ದಿ ಸೀಕ್ರೆಟ್ ಪೊಲೀಸ್‌ಮನ್ಸ್ ಬಾಲ್' ಪ್ರದರ್ಶನದಲ್ಲಿ ಅವರು ಮೇಷ್ಟ್ರಾಗಿ ಹಾಜರಿ ಕೂಗಿದರು. ವೇದಿಕೆಯ ಮೇಲೆ ಒಬ್ಬ ಹುಡುಗನೂ ಇಲ್ಲ. ಒಂದೊಂದು ಹೆಸರನ್ನೂ ಎಳೆದು, ಕಣ್ಣಿಂದಲೇ ಗದರಿಸಿ, ಖಾಲಿ ಜಾಗದಲ್ಲಿ ಇಡೀ ತರಗತಿಯನ್ನು ಕೂರಿಸಿಬಿಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಿಬಿಸಿ-2ರಲ್ಲಿ 'ನಾಟ್ ದಿ ನೈನ್ ಓ ಕ್ಲಾಕ್ ನ್ಯೂಸ್' ಶುರುವಾಯಿತು. ಬಿಬಿಸಿ-1ರಲ್ಲಿ ಒಂಬತ್ತು ಗಂಟೆಯ ವಾರ್ತೆ ಬರುವ ಹೊತ್ತಿಗೆ ಎದುರು ಚಾನೆಲ್‌ನಲ್ಲಿ ಬರುತ್ತಿದ್ದ ಹಾಸ್ಯ ಅದು, ಹೆಸರಿನಲ್ಲೇ ಕುಚೇಷ್ಟೆ. ಮೆಲ್ ಸ್ಮಿತ್, ಗ್ರಿಫ್ ರೀಸ್ ಜೋನ್ಸ್, ಪಮೇಲಾ ಸ್ಟೀಫನ್‌ಸನ್ ಜೊತೆಗಾರರು, ನಿರ್ಮಾಪಕ ಜಾನ್ ಲಾಯ್ಡ್. 1982ಕ್ಕೆ ಅದು ಮುಗಿಯುವ ಹೊತ್ತಿಗೆ ಅಟ್ಕಿನ್ಸನ್ ಕೈಯಲ್ಲಿ ಬ್ರಿಟನ್ನಿನ ಸಿನಿಮಾ-ಟಿವಿಗೆ ಕೊಡುವ ಬಾಫ್ಟಾ ಪ್ರಶಸ್ತಿ ಇತ್ತು, ಮುಂದಿನ ಕಾರ್ಯಕ್ರಮಕ್ಕೆ ಬಿಬಿಸಿಯ ಒಪ್ಪಿಗೆಯೂ ಇತ್ತು.

ಆ ಮುಂದಿನದು 1983ರ 'ದಿ ಬ್ಲ್ಯಾಕ್ ಆಡರ್'. ಬರೆದವರು ಕರ್ಟಿಸ್ ಮತ್ತು ಅಟ್ಕಿನ್ಸನ್. ಕಥೆ 1485ರಲ್ಲಿ ಶುರುವಾಗುತ್ತದೆ. ಇತಿಹಾಸದಲ್ಲಿ ಇಲ್ಲದ ಒಬ್ಬ ರಾಜನನ್ನು ಸೃಷ್ಟಿಸಿ, ಅವನ ಹೇಡಿ ಮಗ, ಅಟ್ಕಿನ್ಸನ್ ಆಡಿದ ಎಡ್ಮಂಡ್‌ನ ಪೇಚಾಟ ತೋರಿಸುತ್ತಾರೆ. ಅಲ್ನಿಕ್ ಕೋಟೆಯಲ್ಲಿ ಹೊರಾಂಗಣ ಚಿತ್ರೀಕರಣ, ಕುದುರೆ, ಹಿಮ, ವೇಷಭೂಷಣ. ದುಡ್ಡು ನೀರಿನಂತೆ ಹೋಯಿತು. ನಗು ಮಾತ್ರ ಅಷ್ಟಾಗಿ ಬರಲಿಲ್ಲ. ನಾನು ನೋಡಿದ ಮಟ್ಟಿಗೆ ತೊಂದರೆ ಅಟ್ಕಿನ್ಸನ್ ಮುಖದ್ದೇ. ಕೀರಲು ದನಿ, ವಿಚಿತ್ರ ಕ್ರಾಪು, ಪ್ರತಿ ಮಾತಿಗೂ ಒಂದು ಸೊಟ್ಟ ಮುಖ. ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಿ ಯಾವುದೂ ನಿಲ್ಲುವುದಿಲ್ಲ.

ಬಿಬಿಸಿ-1ರ ಹೊಸ ಮುಖ್ಯಸ್ಥ ಮೈಕಲ್ ಗ್ರೇಡ್‌ಗೆ ಇಷ್ಟು ಖರ್ಚಿನ ಎರಡನೇ ಸರಣಿ ಬೇಕಿರಲಿಲ್ಲ. ಕೊನೆಗೆ ಖರ್ಚು ಇಳಿಸಿದ ಮೇಲೆಯೇ ದಾರಿ ತೆರೆಯಿತು. ಕೋಟೆ ಹೋಯಿತು, ಕುದುರೆ ಹೋಯಿತು. ಸ್ಟುಡಿಯೋದಲ್ಲಿ ಮೂರು ಗೋಡೆಯ ಕೋಣೆ, ಎದುರಿಗೆ ಕೂತ ಪ್ರೇಕ್ಷಕರು, ಅಷ್ಟೇ. ಇನ್ನೊಂದು ದೊಡ್ಡ ಬದಲಾವಣೆ ಅಂದರೆ ಅಟ್ಕಿನ್ಸನ್ ಬರೆಯುವುದರಿಂದ ಹಿಂದೆ ಸರಿದರು. ಅವರ ಜಾಗಕ್ಕೆ ಬೆನ್ ಎಲ್ಟನ್ ಬಂದರು. ಕರ್ಟಿಸ್ ಮತ್ತು ಎಲ್ಟನ್ ಎದುರುಬದುರು ಕೂತು ಬರೆಯುತ್ತಿರಲಿಲ್ಲ. ಒಬ್ಬರು ಬರೆದ ಕಂತಿನ ಫ್ಲಾಪಿ ಡಿಸ್ಕ್ ಇನ್ನೊಬ್ಬರಿಗೆ ಹೋಗುತ್ತಿತ್ತು, ಅವರು ಕತ್ತರಿಸಿ ತಿದ್ದಿ ವಾಪಸ್ ಕಳಿಸುತ್ತಿದ್ದರು.

ಒಬ್ಬ ನಟ ತನ್ನದೇ ಧಾರಾವಾಹಿಯ ಪೆನ್ನನ್ನು ಬೇರೆಯವರ ಕೈಗೆ ಕೊಡುವುದು ಸಣ್ಣ ವಿಷಯವಲ್ಲ. ಅವರ ವೃತ್ತಿಯಲ್ಲಿ ಇದಕ್ಕಿಂತ ಜಾಣ ನಿರ್ಧಾರ ಇನ್ನೊಂದು ನನಗೆ ಕಾಣುವುದಿಲ್ಲ. ಹೊಸ ಬರಹದಲ್ಲಿ ಪಾತ್ರಗಳು ತಲೆಕೆಳಗಾದವು. ಮೊದಲ ಸರಣಿಯಲ್ಲಿ ಯಜಮಾನ ದಡ್ಡ, ಆಳು ಬಾಲ್ಡ್ರಿಕ್ ಚುರುಕು. ಎರಡನೆಯದರಲ್ಲಿ ಯಜಮಾನ ಎಲ್ಲರಿಗಿಂತ ಜಾಣ, ಆದರೆ ಮೂರ್ಖರ ಕೈಕೆಳಗೆ ಸಿಕ್ಕಿಬಿದ್ದವನು. ಟೋನಿ ರಾಬಿನ್ಸನ್ ಆಡಿದ ಬಾಲ್ಡ್ರಿಕ್ ಈಗ ಸಂಪೂರ್ಣ ಪೆದ್ದ. ಅಟ್ಕಿನ್ಸನ್ ಗಡ್ಡ ಬಿಟ್ಟು, ಕಪ್ಪು ಬಟ್ಟೆ ಹಾಕಿ, ದನಿ ಇಳಿಸಿದರು. ಮುಖ ಕುಣಿಸುವುದು ನಿಂತಿತು. ಒಂದು ಹುಬ್ಬು ಏರಿದರೆ ಸಾಕು. ಕೋಣೆಯಲ್ಲಿ ನೋಡಲು ಬೇರೇನೂ ಇಲ್ಲದಿದ್ದರಿಂದ ಮಾತೇ ಎಲ್ಲ ಭಾರ ಹೊರಬೇಕಾಯಿತು, ಹೊತ್ತಿತು ಕೂಡ.

1986ರ ಈ ಸರಣಿ ಮೊದಲನೇ ಎಲಿಜಬೆತ್ ರಾಣಿಯ ಕಾಲದ್ದು. ರಾಣಿಯಾಗಿ ಮಿರಾಂಡಾ ರಿಚರ್ಡ್‌ಸನ್ ಅವರದು ಹಟಮಾರಿ ಮಗುವಿನ ಆಟ, ಸಿಟ್ಟು ಬಂದರೆ ತಲೆ ಹಾರಿಸುವ ಮಗು. 1987ರ ಮೂರನೆಯದರಲ್ಲಿ ಬ್ಲ್ಯಾಕ್‌ಆಡರ್ ಒಬ್ಬ ಮೂಢ ರಾಜಕುಮಾರನ ಬಟ್ಲರ್. ಆ ರಾಜಕುಮಾರ ಹ್ಯೂ ಲಾರಿ, ಮುಂದೆ ಅಮೆರಿಕದ 'ಹೌಸ್' ಧಾರಾವಾಹಿಯಲ್ಲಿ ಡಾಕ್ಟರ್ ಆಗಿ ನಮ್ಮವರಿಗೂ ಪರಿಚಯವಾದವರು. ಅದರ ಒಂದು ಕಂತಿನಲ್ಲಿ ಸಾಮ್ಯುಯೆಲ್ ಜಾನ್ಸನ್ ತಮ್ಮ ದೊಡ್ಡ ಇಂಗ್ಲಿಷ್ ನಿಘಂಟಿನ ಹಸ್ತಪ್ರತಿ ಹೊತ್ತು ಬರುತ್ತಾರೆ. ಇಂಗ್ಲಿಷಿನ ಎಲ್ಲ ಪದವೂ ಇದರಲ್ಲಿದೆ ಅನ್ನುತ್ತಾರೆ. ಬ್ಲ್ಯಾಕ್‌ಆಡರ್ ಮುಖದಲ್ಲಿ ಗೆರೆ ಕದಲದೆ, ಆ ಕ್ಷಣ ಹುಟ್ಟಿಸಿದ ಉದ್ದುದ್ದ ಸುಳ್ಳು ಪದಗಳನ್ನು ಬಳಸಿ ಅವರಿಗೆ ಶುಭ ಕೋರುತ್ತಾನೆ. ಜಾನ್ಸನ್ ಗಾಬರಿಯಿಂದ ಪೆನ್ಸಿಲ್ ತೆಗೆದು ಬರೆದುಕೊಳ್ಳುತ್ತಾರೆ. ಆಮೇಲೆ ಬಾಲ್ಡ್ರಿಕ್ ಆ ಹಸ್ತಪ್ರತಿಯನ್ನೇ ಬೆಂಕಿಗೆ ಹಾಕುತ್ತಾನೆ, ಬ್ಲ್ಯಾಕ್‌ಆಡರ್ ಇಡೀ ನಿಘಂಟನ್ನು ತಾನೇ ಮತ್ತೆ ಬರೆಯಲು ಕೂರುತ್ತಾನೆ.

'ಬ್ಲ್ಯಾಕ್‌ಆಡರ್' ಬೀನ್‌ನಷ್ಟು ದೂರ ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಈ ಕಂತೇ ಉತ್ತರ. ಜೋಕಿಗೆ ಜಾನ್ಸನ್ ಯಾರು ಅಂತ ಗೊತ್ತಿರಬೇಕು, ಇಂಗ್ಲಿಷ್ ಪದಗಳ ಸಪ್ಪಳ ಕಿವಿಯಲ್ಲಿರಬೇಕು. ಕೈಲಾಸಂ ನಾಟಕದ ಸಂಭಾಷಣೆಯನ್ನು ಬೇರೆ ಭಾಷೆಗೆ ತಂದರೆ ಕಥೆ ಉಳಿಯುತ್ತದೆ, ನಗು ಇಲ್ಲೇ ಉಳಿದುಬಿಡುತ್ತದೆ. ಇಲ್ಲೂ ಹಾಗೆಯೇ. ಬ್ರಿಟನ್ನಿನಲ್ಲಿ ಮಾತ್ರ ಇದರ ಜಾಗ ಗಟ್ಟಿ. 2004ರಲ್ಲಿ ಬಿಬಿಸಿ ಜನರಿಂದ ಮತ ಹಾಕಿಸಿ ದೇಶದ ಅತ್ಯುತ್ತಮ ಹಾಸ್ಯ ಧಾರಾವಾಹಿ ಆರಿಸಿದಾಗ ಎರಡನೇ ಸ್ಥಾನ ಬಂದದ್ದು ಇದಕ್ಕೆ.

ನಾಲ್ಕನೆಯ ಮತ್ತು ಕೊನೆಯ ಸರಣಿ 1989ರಲ್ಲಿ. ಜಾಗ ಮೊದಲ ಮಹಾಯುದ್ಧದ ಕಂದಕ, ಕಾಲ 1917. ಐದು ಕಂತು ಕ್ಯಾಪ್ಟನ್ ಬ್ಲ್ಯಾಕ್‌ಆಡರ್ ಕಂದಕದಿಂದ ತಪ್ಪಿಸಿಕೊಳ್ಳಲು ಉಪಾಯ ಹೂಡುತ್ತಾನೆ. ಆರನೆಯದರಲ್ಲಿ ಉಪಾಯಗಳು ಮುಗಿದಿವೆ. ಎಲ್ಲರೂ ಏಣಿ ಹತ್ತಿ ಗುಂಡಿನ ಎದುರಿಗೆ ಓಡುತ್ತಾರೆ. ಆ ದೃಶ್ಯ ಚಿತ್ರಿಸಿದಾಗ ಸರಿಯಾಗಿ ಬಂದಿರಲಿಲ್ಲ. ಕೃತಕ ನೆಲ, ಕೆಲವೇ ಸೆಕೆಂಡಿನ ಓಟ, ನೋಡಲು ಪೇಲವ. ಸಂಕಲನದ ಕೋಣೆಯಲ್ಲಿ ಅದನ್ನು ತೀರಾ ನಿಧಾನಗೊಳಿಸಿ, ಶೀರ್ಷಿಕೆ ಸಂಗೀತವನ್ನು ಒಂಟಿ ಪಿಯಾನೋಗೆ ಇಳಿಸಿ, ಕೊನೆಗೆ ಕಂದಕ ಮಾಯವಾಗಿ ಕೆಂಪು ಗಸಗಸೆ ಹೂವಿನ ಬಯಲು ಕಾಣುವಂತೆ ಮಾಡಿದರು. ಬ್ರಿಟನ್ನಿನಲ್ಲಿ ಆ ಹೂವು ಯುದ್ಧದಲ್ಲಿ ಸತ್ತವರ ನೆನಪಿನ ಗುರುತು. ಕಂತು ಪ್ರಸಾರವಾದದ್ದು ನವೆಂಬರ್ 2ರಂದು, ಸತ್ತವರನ್ನು ನೆನೆಯುವ ನವೆಂಬರ್ 11ಕ್ಕೆ ಕೆಲವೇ ದಿನ ಮೊದಲು. ಹಾಸ್ಯ ಧಾರಾವಾಹಿಯೊಂದು ಹೀಗೆ ಮುಗಿಯಬಹುದು ಅಂತ ಯಾರೂ ಎಣಿಸಿರಲಿಲ್ಲ.

ಎರಡೇ ತಿಂಗಳಾಯಿತು. 1990ರ ಜನವರಿ 1ರಂದು ಬಿಬಿಸಿಯ ಎದುರಾಳಿ ಚಾನೆಲ್ ಐಟಿವಿಯಲ್ಲಿ ಮಿಸ್ಟರ್ ಬೀನ್ ಬಂದ.

ಸುಮ್ನೆ ಹೀಗೇ ಬಂದ ಪಾತ್ರವಲ್ಲ ಅದು. ಆಕ್ಸ್‌ಫರ್ಡ್ ದಿನಗಳಿಂದಲೂ ಅಟ್ಕಿನ್ಸನ್ ವೇದಿಕೆಯಲ್ಲಿ ಮಾತಿಲ್ಲದ ತುಣುಕುಗಳನ್ನು ಆಡುತ್ತಿದ್ದರು. 1987ರಲ್ಲಿ ಕೆನಡಾದ ಮಾಂಟ್ರಿಯಲ್ ಹಾಸ್ಯೋತ್ಸವಕ್ಕೆ ಹೋದಾಗ, ತಮ್ಮನ್ನು ಇಂಗ್ಲಿಷ್ ಪ್ರದರ್ಶನಕ್ಕೆ ಹಾಕಬೇಡಿ, ಫ್ರೆಂಚ್ ಪ್ರದರ್ಶನಕ್ಕೇ ಹಾಕಿ ಅಂತ ಕೇಳಿಕೊಂಡರು. ಇಂಗ್ಲಿಷಿನ ಆಸರೆ ಇಲ್ಲದೆ ಈ ಪಾತ್ರ ನಗಿಸುತ್ತದೆಯೇ ಅಂತ ನೋಡಬೇಕಿತ್ತು. ನಗಿಸಿತು. ಹೆಸರು ಮಾತ್ರ ತಡವಾಗಿ ಸಿಕ್ಕಿತು. ತರಕಾರಿ ಹೆಸರು ಹುಡುಕುತ್ತಾ 'ಮಿಸ್ಟರ್ ಕಾಲಿಫ್ಲವರ್' ಅಂತಲೂ ಯೋಚಿಸಿದ್ದರು.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಮಾತಿಲ್ಲದಿದ್ದರೆ ಬರೆಯುವುದೇನು? ಮೊದಲ ಕಂತಿನ ಪರೀಕ್ಷೆಯ ದೃಶ್ಯ ತೆಗೆದುಕೊಳ್ಳಿ. ಬೀನ್ ತ್ರಿಕೋನಮಿತಿ ಓದಿಕೊಂಡು ಬಂದಿದ್ದಾನೆ. ಲಕೋಟೆಯಿಂದ ಪ್ರಶ್ನೆಪತ್ರಿಕೆ ತೆಗೆದರೆ ಅದು ಕ್ಯಾಲ್ಕುಲಸ್. ಅಲ್ಲಿಂದ ಪಕ್ಕದವನದ್ದನ್ನು ನಕಲು ಮಾಡಲು ಶುರು. ಕತ್ತು ಚಾಚುತ್ತಾನೆ, ಹಾಳೆಯನ್ನು ಊದಿ ನೋಡುತ್ತಾನೆ, ಸಿಕ್ಕಿಬೀಳುವ ಹಾಗಾದರೆ ಮುಗ್ಧನಾಗುತ್ತಾನೆ. ಸಮಯ ಮುಗಿದಾಗ ಮೇಲ್ವಿಚಾರಕರು ಎರಡು ವಿಷಯದ ಉತ್ತರಗಳನ್ನೂ ಬೇರೆ ಬೇರೆ ಇಡಲು ಹೇಳುತ್ತಾರೆ. ಬೀನ್ ಲಕೋಟೆ ನೋಡುತ್ತಾನೆ. ಅವನಿಗೆ ಬೇಕಿದ್ದ ಪತ್ರಿಕೆ ಮೊದಲಿಂದ ಅದರೊಳಗೇ ಇತ್ತು.

ಬರವಣಿಗೆ ಇರುವುದು ಇಲ್ಲಿ. ಲಕೋಟೆಯಲ್ಲಿ ಎರಡನೇ ಹಾಳೆ ಇಡಬೇಕು, ಅದು ನಮ್ಮ ಕಣ್ಣಿಗೆ ಬೀಳಬಾರದು, ನಡುವೆ ನಾವು ಲಕೋಟೆಯನ್ನೇ ಮರೆಯುವಷ್ಟು ನಗಬೇಕು. ಆ ಕಂತಿಗೆ ಕರ್ಟಿಸ್, ಎಲ್ಟನ್ ಇಬ್ಬರೂ ಇದ್ದರು. ಮುಂದೆ ಅಟ್ಕಿನ್ಸನ್‌ಗೆ ಜೊತೆಯಾಗಿ ಜಾಸ್ತಿ ಬರೆದವರು ರಾಬಿನ್ ಡ್ರಿಸ್ಕಾಲ್. ಅಟ್ಕಿನ್ಸನ್ ಇಂಜಿನಿಯರ್, ಅದಕ್ಕೇ ಇಷ್ಟು ಕರಾರುವಾಕ್ಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಕರ್ಟಿಸ್ ಯಾವ ಇಂಜಿನಿಯರಿಂಗ್ ಓದಿದ್ದರು?

ಈ ಕಸುಬಿನ ಗುಟ್ಟನ್ನು ಅಟ್ಕಿನ್ಸನ್ ತಾವೇ ಬಿಚ್ಚಿಟ್ಟಿದ್ದಾರೆ. 1992ರಲ್ಲಿ ಬಿಬಿಸಿಗಾಗಿ ಮಾಡಿದ 'ಲಾಫಿಂಗ್ ಮ್ಯಾಟರ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಅವರು ಪಾಠ ಮಾಡುವ ಮೇಷ್ಟ್ರಂತೆ ನಿಂತು ವಿವರಿಸುತ್ತಾರೆ. ಒಂದು ವಸ್ತುವೋ ಮನುಷ್ಯನೋ ನಗು ತರಿಸುವುದು ಮೂರು ರೀತಿಯಲ್ಲಿ. ವಿಚಿತ್ರವಾಗಿ ನಡೆದುಕೊಂಡಾಗ, ಇರಬಾರದ ಜಾಗದಲ್ಲಿದ್ದಾಗ, ಇರಬೇಕಾದ ಗಾತ್ರಕ್ಕಿಂತ ಬೇರೆಯಾಗಿದ್ದಾಗ. ಬೀನ್‌ನ ಯಾವ ಕಂತನ್ನಾದರೂ ಈ ಮೂರರಿಂದ ಅಳೆದು ನೋಡಿ. ತಲೆ ಟರ್ಕಿ ಕೋಳಿಯೊಳಗೆ ಸಿಕ್ಕಿಕೊಳ್ಳುವುದು ಇರಬಾರದ ಜಾಗ. ಕಾರಿನ ಮೇಲೆ ಸೋಫಾ ಕುರ್ಚಿ ಕಟ್ಟಿ, ಅದರಲ್ಲಿ ಕೂತು ಹಗ್ಗ ಎಳೆದು ಕಾರು ಓಡಿಸುವುದು ವಿಚಿತ್ರ ನಡವಳಿಕೆ.

ಇದರ ಜೊತೆಗೆ ಇನ್ನೊಂದಿದೆ. ಬೀನ್ ಮುಗ್ಧ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಗಮನಿಸಿ ನೋಡಿದರೆ ಅವನು ಸ್ವಾರ್ಥಿ, ಹೊಟ್ಟೆಕಿಚ್ಚಿನವನು, ಕೆಲವೊಮ್ಮೆ ಕ್ರೂರಿ ಕೂಡ. ದಾರಿಯಲ್ಲಿ ಸಿಕ್ಕಾಗಲೆಲ್ಲ ಅವನ ಕಾಟಕ್ಕೆ ಸಿಗುವ ಆ ನೀಲಿ ಮೂರು ಚಕ್ರದ ಕಾರು ಅವನಿಗೇನು ಮಾಡಿತ್ತು? ಅಟ್ಕಿನ್ಸನ್ ತಮ್ಮ ಮೇಲೆ ಫ್ರಾನ್ಸಿನ ಹಾಸ್ಯನಟ, ನಿರ್ದೇಶಕ ಜಾಕ್ ತಾತಿ ಅವರ ಪ್ರಭಾವ ಇದೆ ಅಂತ ಹೇಳುತ್ತಾ ಬಂದಿದ್ದಾರೆ. ತಾತಿಯ ಚಿತ್ರಗಳ ನಾಯಕ ಯೂಲೋ ಸಭ್ಯಸ್ಥ, ಅವನಿಂದ ಅನಾಹುತ ಆಗುವುದು ಅವನಿಗೇ ತಿಳಿಯದಂತೆ. ಬೀನ್ ಹಾಗಲ್ಲ. ದೊಡ್ಡವರ ಮೈಯೊಳಗಿನ ಮಗು ಅವನು, ಮಕ್ಕಳ ಹಟ, ಮೋಸ ಎಲ್ಲವೂ ಸೇರಿ. ಮಕ್ಕಳಿಗೆ ಅವನು ಅಷ್ಟು ಇಷ್ಟವಾಗುವುದು ಇದಕ್ಕೇ ಇರಬೇಕು, ಅಲ್ವಾ?

ಆಶ್ಚರ್ಯ ಅಂದರೆ ಇಷ್ಟೆಲ್ಲ ಹೆಸರು ಮಾಡಿದ ಮೂಲ ಸರಣಿಯಲ್ಲಿ ಇರುವುದು ಬರೀ 15 ಕಂತು, 1990ರಿಂದ 1995ರ ನಡುವೆ ಬಂದವು. 1992ರ ಒಂದು ಕಂತನ್ನು ಬ್ರಿಟನ್ನಿನಲ್ಲಿ 1.8 ಕೋಟಿಗೂ ಹೆಚ್ಚು ಜನ ನೋಡಿದರು. ನಮಗೆ ನೂರಾರು ಕಂತು ನೋಡಿದ ಹಾಗೆ ಅನ್ನಿಸುವುದು ಮರುಪ್ರಸಾರದಿಂದ, ಮತ್ತೆ 2002ರಲ್ಲಿ ಶುರುವಾದ ಕಾರ್ಟೂನ್ ಸರಣಿಯಿಂದ. ಕಾರ್ಟೂನಿನ ಗೊಣಗಾಟವೂ ಅಟ್ಕಿನ್ಸನ್ ಅವರದೇ. ಬೀನ್ ಆಗುವುದು ತಮಗೆ ಅಷ್ಟೇನೂ ಖುಷಿ ಕೊಡುವುದಿಲ್ಲ, ಆಯಾಸ ತರುತ್ತದೆ, ದನಿ ಕೊಡುವುದೇ ಸುಲಭ ಅಂತ 2021ರಲ್ಲಿ ಹೇಳಿದರು. ಅದಕ್ಕೆ ಅವರು ಕೊಟ್ಟ ಕಾರಣ ನ್ಯಾಯವಾಗಿದೆ. 'ಬ್ಲ್ಯಾಕ್‌ಆಡರ್'ನಲ್ಲಿ ನಗಿಸುವ ಹೊಣೆ ಹತ್ತು ಜನರ ಮೇಲೆ ಹಂಚಿಹೋಗಿತ್ತು. ಬೀನ್‌ನಲ್ಲಿ ಅಷ್ಟೂ ಒಬ್ಬರ ಮೇಲೆ.

ಸಿನಿಮಾಕ್ಕೆ ಹೋದಾಗ ಬೀನ್‌ಗೆ ಕಷ್ಟ ಶುರುವಾಯಿತು. ಹತ್ತು ನಿಮಿಷದ ತುಣುಕಿಗೆ ಹುಟ್ಟಿದವನನ್ನು ಒಂದೂವರೆ ಗಂಟೆ ನಡೆಸುವುದು ಹೇಗೆ? 1997ರ 'ಬೀನ್' ಅವನನ್ನು ಅಮೆರಿಕಕ್ಕೆ ಕಳಿಸಿ, ಒಂದು ಕುಟುಂಬದ ಮಧ್ಯೆ ಬಿಟ್ಟು, ಕೊನೆಗೆ ಭಾಷಣವನ್ನೂ ಮಾಡಿಸಿತು. ನಿರ್ದೇಶಕರು ಹಳೆಯ ಜೊತೆಗಾರ ಮೆಲ್ ಸ್ಮಿತ್. ನನಗೆ ಅದು ಅರ್ಧ ಮನಸ್ಸಿನ ಚಿತ್ರ. ಆದರೆ ಗಳಿಕೆ ನೋಡಿ: ಪ್ರಪಂಚದಾದ್ಯಂತ ಸುಮಾರು 25 ಕೋಟಿ ಡಾಲರ್, ಅದರಲ್ಲಿ ಅಮೆರಿಕದ ಪಾಲು ಐದನೇ ಒಂದು ಭಾಗಕ್ಕಿಂತ ಕಡಿಮೆ. 2007ರ 'ಮಿಸ್ಟರ್ ಬೀನ್ಸ್ ಹಾಲಿಡೇ' ಫ್ರಾನ್ಸಿನಲ್ಲಿ ನಡೆಯುತ್ತದೆ, ಮಾತು ಕಡಿಮೆ, ತಾತಿಗೆ ಹತ್ತಿರ. ಎರಡರಲ್ಲಿ ಇದೇ ಮೇಲು.

'ಜಾನಿ ಇಂಗ್ಲಿಷ್' ಹುಟ್ಟಿದ್ದು ಜಾಹೀರಾತಿನಿಂದ. 1990ರ ದಶಕದಲ್ಲಿ ಬಾರ್ಕ್ಲೇಕಾರ್ಡ್ ಎಂಬ ಕ್ರೆಡಿಟ್ ಕಾರ್ಡಿನ ಜಾಹೀರಾತುಗಳಲ್ಲಿ ಅಟ್ಕಿನ್ಸನ್ ಒಬ್ಬ ಜಂಭದ ಗೂಢಚಾರನಾಗಿದ್ದರು. ಅದನ್ನೇ ಬೆಳೆಸಿ 2003, 2011, 2018ರಲ್ಲಿ ಮೂರು ಚಿತ್ರ ಬಂದವು. ಮೊದಲನೆಯದನ್ನು ಬರೆದವರಲ್ಲಿ ಇಬ್ಬರು ಜೇಮ್ಸ್ ಬಾಂಡ್ ಚಿತ್ರಗಳ ಬರಹಗಾರರೇ, ತಮಾಷೆ ಅಂದರೆ ಇದು. ಮೂರೂ ತಲಾ ಸುಮಾರು 16 ಕೋಟಿ ಡಾಲರ್ ಗಳಿಸಿದವು. ಕೊನೆಯ ಎರಡಕ್ಕೆ ಅಮೆರಿಕದಿಂದ ಬಂದದ್ದು ತಲಾ ಒಂದು ಕೋಟಿಗಿಂತ ಕಡಿಮೆ. ಹಾಲಿವುಡ್ ಪ್ರೇಕ್ಷಕ ಬಾರದಿದ್ದರೂ ಚಿತ್ರ ಗೆಲ್ಲಿಸಬಲ್ಲ ನಟರು ಎಷ್ಟು ಜನ ಇದ್ದಾರೆ?

ಚಿಕ್ಕ ಪಾತ್ರಗಳಲ್ಲೂ ಅದೇ ಎರಡು ವಿದ್ಯೆ ಕಾಣುತ್ತವೆ. ಕರ್ಟಿಸ್ ಬರೆದ 'ಫೋರ್ ವೆಡಿಂಗ್ಸ್ ಅಂಡ್ ಎ ಫ್ಯೂನರಲ್'ನಲ್ಲಿ ಅವರು ಮಂತ್ರ ತಪ್ಪುವ ಹೊಸ ಪಾದ್ರಿ, ಎಲ್ಲವೂ ನಾಲಿಗೆಯ ಆಟ. ಕರ್ಟಿಸ್ ಅವರದೇ 'ಲವ್ ಆಕ್ಚುಅಲಿ'ಯಲ್ಲಿ ಅಂಗಡಿಯವ. ಹೆಂಡತಿ ಕಣ್ಣಿಗೆ ಬೀಳದಂತೆ ಬೇರೆಯವಳಿಗೆ ಸರ ಕೊಳ್ಳುತ್ತಿರುವ ಗಂಡನ ಎದುರು ಪೊಟ್ಟಣ ಕಟ್ಟುತ್ತಾರೆ, ಕಟ್ಟುತ್ತಾರೆ, ಕಟ್ಟುತ್ತಲೇ ಇರುತ್ತಾರೆ. ಇಲ್ಲಿ ಕೈಯೇ ಎಲ್ಲ. 1994ರ 'ದಿ ಲಯನ್ ಕಿಂಗ್'ನ ಜಾಜು ಹಕ್ಕಿಯಲ್ಲಿ ಬರೀ ದನಿ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಸೈಮನ್ ರಾಟಲ್ ಅವರ ವಾದ್ಯಗೋಷ್ಠಿಯ ಮಧ್ಯೆ ಕೂತು, ಒಂದು ಬೆರಳಲ್ಲಿ ಒಂದೇ ಸ್ವರ ಒತ್ತುತ್ತಾ ಬೇಸರಪಟ್ಟರು. ಬರೀ ಮುಖ.

2016 ಮತ್ತು 2017ರಲ್ಲಿ ಐಟಿವಿಗೆ ಫ್ರೆಂಚ್ ಪತ್ತೇದಾರ ಮೆಗ್ರೆ ಆಗಿ ನಾಲ್ಕು ಟಿವಿ ಚಿತ್ರ ಮಾಡಿದರು. ಅದರಲ್ಲಿ ನಗುವೇ ಇಲ್ಲ. ಹುಬ್ಬು ಈಗ ಏರುತ್ತದೆ, ಈಗ ಏರುತ್ತದೆ ಅಂತ ಕಾಯುತ್ತೀರಿ, ಏರುವುದಿಲ್ಲ. ಆಮೇಲೆ ಮತ್ತೆ ಹಳೆಯ ದಾರಿ. 2022ರಲ್ಲಿ ನೆಟ್‌ಫ್ಲಿಕ್ಸ್‌ಗೆ ವಿಲ್ ಡೇವಿಸ್ ಜೊತೆ 'ಮ್ಯಾನ್ ವರ್ಸಸ್ ಬೀ' ಬರೆದು ನಟಿಸಿದರು. ಶ್ರೀಮಂತರ ಮನೆ ಕಾಯಲು ಬಂದವನಿಗೂ ಒಂದು ದುಂಬಿಗೂ ಒಂಬತ್ತು ಚಿಕ್ಕ ಕಂತುಗಳ ಯುದ್ಧ. ಅದೇ ಪಾತ್ರದೊಂದಿಗೆ 2025ರ ಡಿಸೆಂಬರ್‌ನಲ್ಲಿ 'ಮ್ಯಾನ್ ವರ್ಸಸ್ ಬೇಬಿ' ಬಂತು. ಈತ ಬೀನ್‌ಗಿಂತ ಒಳ್ಳೆಯವನು, ಮಾತೂ ಆಡುತ್ತಾನೆ.

ಬೀನ್ ಮಾತ್ರ ನೋಡಿದವರು 'ಬ್ಲ್ಯಾಕ್‌ಆಡರ್' ಶುರು ಮಾಡುವುದಾದರೆ ಎರಡನೇ ಸರಣಿಯಿಂದ ಮಾಡಿ. ಪ್ರತಿ ಸರಣಿಯೂ ಬೇರೆ ಶತಮಾನ, ಬೇರೆ ಕಥೆ, ಹಾಗಾಗಿ ಹಿಂದಿನದು ಗೊತ್ತಿರಬೇಕಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಮಾತು ಅಷ್ಟು ವೇಗ. ಆಮೇಲೆ ಮೂರನೆಯದು, ನಾಲ್ಕನೆಯದು. ಇಷ್ಟವಾಯಿತು ಅಂದರೆ ಕೊನೆಗೆ ಮೊದಲನೆಯದನ್ನು ಒಂದು ಕಂತು ನೋಡಿ. ಅದೇ ನಟ, ಅದೇ ಹೆಸರಿನ ಪಾತ್ರ. ಬರೆಯುವ ಕೈ ಬದಲಾದರೆ ಏನಾಗುತ್ತದೆ ಅಂತ ಅಲ್ಲೇ ಕಾಣುತ್ತದೆ.